ಬಾಲ್ಕನಿಗೆ ಬಂದ ಶೆಗಡಿ

ನಮ್ಮ ಬಳಗದಲ್ಲಿ ಯಾರದೇ ಮದುವೆಯಾಗಲಿ, ಮುಂಜಿವೆಯಾಗಲಿ, ಪಂಕ್ತಿ ಎದ್ದು ಎಲೆ ಅಡಿಕೆ ಕೈಗೆ ಬರುವ ಹೊತ್ತಿಗೆ ನನ್ನ ಅತ್ಯಾನ ಕಥೆ ಶುರುವಾಗುತ್ತದೆ. ಅತ್ಯಾ ಎಂದರೆ ನನ್ನ ಅಪ್ಪನ ಅಕ್ಕ, ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಇರುವಾಕೆ. ಕಥೆ ಹೀಗಿದೆ. ಒಂದು ದ್ವಾದಶಿಯ ಬೆಳಗು, ಓಣಿಗೆಲ್ಲ ಕರೆಂಟಿಲ್ಲ. ಹಿಂದಿನ ದಿನ ಹನಿ ನೀರೂ ಮುಟ್ಟದೆ ಏಕಾದಶಿ ಮಾಡಿದ್ದ ಅತ್ಯಾ ಒಳಗಿನಿಂದ ಚಿಲಕ ಹಾಕಿಕೊಂಡು, ಮಡಿಯಲ್ಲಿ, ಕತ್ತಲ ಅಡುಗೆಮನೆಯಲ್ಲಿ ದೇವರ ನೈವೇದ್ಯಕ್ಕೆ ಅಡುಗೆ ಮಾಡುತ್ತಿದ್ದಳು. ಆಗ ಕಣ್ಣ ಮುಂದೆ ಒಂದು ಬೆಳಕು. ಬೆಳಕಿನೊಳಗಿಂದ ಒಂದು ದನಿ: "ಗಾಳಿ ಇರೋ ಕಡೆ ಮಾಡು." ಅತ್ಯಾ ಎಚ್ಚರ ತಪ್ಪಿ ಬಿದ್ದಳು. ಹಾಕಿದ ಚಿಲಕ ತಾನಾಗಿ ತೆರೆಯಿತು. ಅಂದಿನಿಂದ ಅವಳ ದೇವರ ಅಡುಗೆ ಬಾಲ್ಕನಿಯಲ್ಲಿ, ಬಯಲ ಗಾಳಿಯಲ್ಲಿ. ಕೇಳಿದವರು ಕೈಮುಗಿಯುತ್ತಾರೆ. ಕೆಲವರು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಕಣ್ಣೊರೆಸಿಕೊಳ್ಳುತ್ತಾರೆ.

ನನಗೆ ಈ ಕಥೆಯ ಬಗ್ಗೆ ತಕರಾರಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಒಂದು ವಿಷಯದ ಪರವಾಗಿ ಮಾತಾಡಿ ಗೆದ್ದು, ಮರುದಿನ ಅದರ ವಿರುದ್ಧ ಮಾತಾಡಿಯೂ ಗೆದ್ದವಳು. ಹಾಗಾಗಿ ಒಂದು ಕಥೆಯನ್ನು ಎಲ್ಲರೂ ಒಂದೇ ರೀತಿ ಹೇಳಿದರೆ ನನಗೆ ಮೈಯೆಲ್ಲ ತುರಿಸತೊಡಗುತ್ತದೆ. ಚಿಲಕ ತಾನಾಗಿ ತೆರೆಯಲಿಲ್ಲ, ಅವತ್ತು ಹಾಕಿರಲೇ ಇಲ್ಲ. ಬಾಗಿಲು ದೂಡಿದವಳು ನಾನೇ. ಬೆಳಕಿನ ವಿಚಾರಕ್ಕೆ ಬಂದರೆ, ಆ ಹೊತ್ತಿನಲ್ಲಿ ಅಲ್ಲಿದ್ದದ್ದು ಶೆಗಡಿಯ, ಅಂದರೆ ಇದ್ದಿಲ ಒಲೆಯ, ಕೆಂಡ ಮತ್ತು ಕಟ್ಟೆಯ ಮೇಲಿನ ಒಂದು ಎಣ್ಣೆ ದೀಪ. ಇನ್ನು ಆ ಮಾತು. ಹೌದು, ಆ ಮಾತನ್ನು ಆ ಮನೆಯಲ್ಲಿ ಒಬ್ಬರು ಹೇಳಿದ್ದು ಖಂಡಿತ. ಕೆಲವು ವಾರಗಳ ಮುಂಚೆ ಅದನ್ನೇ ಗಂಟಲು ಹರಿದುಕೊಂಡು ಹೇಳಿದ್ದು ನಾನು. ನನ್ನ ಬಾಯಿಂದ ಬಂದಾಗ ಅದಕ್ಕೆ ಅಧಿಕಪ್ರಸಂಗ ಎಂದು ಹೆಸರಿತ್ತು.

ಧಾರವಾಡದಲ್ಲಿ ಓದು ಮುಗಿಸಿ, ಮಾಧಾಪುರದ ಗಾಜಿನ ಕಟ್ಟಡವೊಂದರಲ್ಲಿ ನೌಕರಿ ಹಿಡಿದು ನಾನು ಅತ್ಯಾನ ಮನೆಗೆ ಬಂದಿಳಿದಾಗ, ಆ ಕಡೆ ಬಂಡೆ ಸಿಡಿಸಿ ಸಿಡಿಸಿ ಕಂಪನಿಗಳನ್ನು ಎಬ್ಬಿಸುತ್ತಿದ್ದರು. ನಮ್ಮ ಕಟ್ಟಡದಲ್ಲಿ ಕರೆಂಟು ಹೋಗುತ್ತಿರಲಿಲ್ಲ. ಹೋದರೂ ಗೊತ್ತಾಗುತ್ತಿರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಜನರೇಟರು ಗುರ್ ಎಂದು ಎದ್ದು, ಮೀಟಿಂಗ್ ಕೋಣೆಯ ಪ್ಲಾಸ್ಟಿಕ್ ಗಿಡದ ಮೇಲಿನ ದೀಪ ಕೂಡ ಆರದ ಹಾಗೆ ನೋಡಿಕೊಳ್ಳುತ್ತಿತ್ತು. ನಮ್ಮ ತಂಡಕ್ಕೆ ಸಿಕ್ಕ ಕೆಲಸವೂ ಮಜವಾಗಿತ್ತು: ಯಾವುದೋ ದೂರದ ದೇಶದ ವಿದ್ಯುತ್ ಕಂಪನಿಗೆ, ಕರೆಂಟು ಹೋದಾಗ ಗಿರಾಕಿಗಳಿಗೆ ವಿನಯದಿಂದ ಹೇಗೆ ತಿಳಿಸಬೇಕು ಎಂಬುದಕ್ಕೆ ಸಾಫ್ಟ್‌ವೇರ್ ಬರೆಯುವುದು. ದಿನವಿಡೀ ಆ ವಿನಯವನ್ನು ತಿದ್ದಿ ತೀಡಿ, ಸಂಜೆ ಹಿಮಾಯತ್‌ನಗರಕ್ಕೆ ಮರಳಿದರೆ ಅತ್ಯಾ ಕತ್ತಲಲ್ಲಿ ಕಡ್ಡಿಪೆಟ್ಟಿಗೆ ತಡಕಾಡುತ್ತಿರುತ್ತಿದ್ದಳು. ನಮಗೆ ವಿನಯದಿಂದ ತಿಳಿಸುವವರು ಯಾರೂ ಇರಲಿಲ್ಲ.

ಮನೆಯಲ್ಲಿ ಇದ್ದವರು ಅತ್ಯಾ ಮತ್ತು ಅವಳ ಗಂಡ, ನನ್ನ ಮಾಮಾ. ರಾಯಚೂರು ಕಡೆಯ ಮಂದಿ, ಹೈದರಾಬಾದಿಗೆ ಬಂದು ತಲೆ ನೆರೆತವರು. ಮಾಮಾ ಬಾಲಾನಗರದ ಒಂದು ಖಾಸಗಿ ಕಾರ್ಖಾನೆಯಲ್ಲಿ ಸೇಫ್ಟಿ ಸೂಪರ್‌ವೈಸರ್. ಹೆಲ್ಮೆಟ್ ಇಲ್ಲದವರನ್ನು ಗೇಟಿನಿಂದ ವಾಪಸು ಕಳಿಸುವುದು, ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳ ಧೂಳು ಒರೆಸಿಸುವುದು, ಎಚ್ಚರ ತಪ್ಪಿದವರನ್ನು ಎತ್ತುವ ಬಗೆಯನ್ನು ಹೊಸಬರಿಗೆ ಕಲಿಸುವುದು ಅವರ ಉದ್ಯೋಗ. ಮನೆಯಲ್ಲಿ ಅವರ ಸೇಫ್ಟಿ ಎಂದರೆ ಬಾಲ್ಕನಿ. ಅಲ್ಲೊಂದು ಬೆತ್ತದ ಕುರ್ಚಿ, ಒಂದು ಮನಿಪ್ಲಾಂಟಿನ ಕುಂಡ. ಕರೆಂಟು ಹೋಯಿತೋ, ಮಾಮಾ ಪೇಪರು ಹಿಡಿದು ಆ ಕುರ್ಚಿಗೆ ಹೋಗಿ ಕೂತರೆಂದೇ ಅರ್ಥ. ಇಡೀ ಮನೆಯಲ್ಲಿ ಗಾಳಿ ಬೀಸುವ ಜಾಗ ಅದೊಂದೇ.

ಅಡುಗೆಯ ವ್ಯವಸ್ಥೆ ಹೀಗಿತ್ತು. ಗ್ಯಾಸಿನ ಸಿಲಿಂಡರು ಒಂದೇ. ಖಾಲಿಯಾದರೆ ಇನ್ನೊಂದು ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಅದಕ್ಕೇ ಮಾಮಾ ಒಂದು ಇಂಡಕ್ಷನ್ ಒಲೆ ತಂದರು. ಗಾಜಿನ ಹಲಗೆಯ ಮೇಲೆ ಕೈಯಾಡಿಸಿ, "ಬೆಂಕಿ ಇಲ್ಲ, ಹೊಗಿ ಇಲ್ಲ. ಇದಕ್ಕಂತಾರ ಸೇಫ್ಟಿ" ಎಂದು ಅತ್ಯಾಗೆ ತೋರಿಸಿದರು. ಆ ವಾರವೇ ಕರೆಂಟು ಹೊತ್ತು ಗೊತ್ತಿಲ್ಲದೆ ಹೋಗತೊಡಗಿತು. ಸಿಲಿಂಡರೂ ಖಾಲಿ, ಕರೆಂಟೂ ಇಲ್ಲ ಎಂಬ ಮೊದಲ ದಿನ ಅತ್ಯಾ ಕೋಠಿಯ ಪೇಟೆಗೆ ಬಸ್ಸು ಹತ್ತಿ ಹೋಗಿ ಒಂದು ತಗಡಿನ ಶೆಗಡಿ ತಂದಳು. ಚಿಕ್ಕ ಬಕೀಟಿನಂಥ ಇದ್ದಿಲ ಒಲೆ. ಇದ್ದಿಲನ್ನು ಕೆಳಗಿನ ಇಸ್ತ್ರಿಯವನು ಕೊಡುತ್ತಿದ್ದ. ಅವನು ಬೀದರ ಕಡೆಯವನು.

"ಅಮ್ಮಾರ, ನನ್ನ ಇಸ್ತ್ರಿ ಪೆಟಗಿನೂ ನಿಮ್ಮ ದೇವರೂ ಒಂದ ಇದ್ದಲಿ ಮ್ಯಾಲ ನಡದೈತಿ ನೋಡ್ರಿ" ಎಂದು ಅವನು ನಗುತ್ತಿದ್ದ.

ಅತ್ಯಾಗೂ ಒಳಗೊಳಗೇ ಖುಷಿಯಾಗಿತ್ತು. ದೇವರ ಅಡುಗೆಗೆ ಇದ್ದಿಲ ಬೆಂಕಿಯೇ ಮೇಲು ಎಂದು ಅವಳ ನಂಬಿಕೆ. ಸರ್ಕಾರ ಮತ್ತು ಗ್ಯಾಸ್ ಏಜೆನ್ಸಿ ಸೇರಿಕೊಂಡು ಅವಳನ್ನು ಧರ್ಮದ ದಾರಿಗೆ ತಂದಿದ್ದವು.

ತೊಂದರೆ ಇದ್ದದ್ದು ಮಡಿಯಲ್ಲಿ. ಸ್ನಾನ ಮಾಡಿ, ಯಾರ ಕೈಗೂ ಎಟುಕದ ಹಾಗೆ ಗಳದ ಮೇಲೆ ಒಣಗಿಸಿದ ಸೀರೆ ಉಟ್ಟ ಮೇಲೆ, ನೈವೇದ್ಯ ಆಗುವ ತನಕ ಅತ್ಯಾನನ್ನು ಯಾರೂ ಮುಟ್ಟುವ ಹಾಗಿಲ್ಲ. ಇಕ್ಕಟ್ಟಿನ ಫ್ಲಾಟಿನಲ್ಲಿ ಇದಕ್ಕೆ ಒಂದೇ ಉಪಾಯ, ಅಡುಗೆಮನೆಯ ಚಿಲಕ. ಬಾಗಿಲು ಹೀಗೆ ಮುಚ್ಚಿತು. ಕಿಟಕಿಯನ್ನು ಮುಚ್ಚಿಸಿದವಳು ಮೇಲಿನ ಮನೆಯ ತೆಲುಗು ಹೆಂಗಸು. ಮೊದಲ ದಿನವೇ ಆಕೆ ಮೇಲಿನಿಂದ ಬಗ್ಗಿ, "ಏಮಂಡೀ, ಪೊಗಂತಾ ಮಾ ಇಂಟ್ಲೋಕೇ ವಸ್ತೋಂದಿ!" ಎಂದು ಕೂಗಿದಳು. ಹೊಗೆಯೆಲ್ಲ ನಮ್ಮ ಮನೆಗೇ ಬರುತ್ತಿದೆ ಎಂದು. ಕಾರ್ಖಾನೆಯಲ್ಲಿ ನೂರಾರು ಮಂದಿಯನ್ನು ಗದರಿಸುವ ಮಾಮಾ ಆಕೆಗೆ ಕೈಮುಗಿದು, ಕಿಟಕಿ ಹಾಕಿ, ಸಂದಿಗೆಲ್ಲ ಹಳೆಯ ಪೇಪರು ತುರುಕಿದರು. ಹೊಗೆ ಹೊರಗೆ ಹಾಕಲು ಗೋಡೆಯಲ್ಲಿ ಫ್ಯಾನು ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಅದು ಕರೆಂಟಿನ ಮೇಲೆ ಓಡುವ ಫ್ಯಾನು. ಶೆಗಡಿ ಹೊತ್ತುತ್ತಿದ್ದದ್ದು ಕರೆಂಟು ಹೋದಾಗ. ಹೊಗೆ ಇದ್ದಾಗ ಫ್ಯಾನಿಲ್ಲ, ಫ್ಯಾನು ಇದ್ದಾಗ ಹೊಗೆಯಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಸಂಸಾರ ಮಾಡುತ್ತಿದ್ದರು.

ಕೆಲವು ದಿನಗಳಲ್ಲೇ ಅತ್ಯಾ ಅಡುಗೆಮನೆಯಿಂದ ಹೊರಬರುವಾಗ ಹಣೆಗೆ ಬಟ್ಟೆ ಬಿಗಿದುಕೊಂಡಿರುವುದು ರೂಢಿಯಾಯಿತು. "ತಲಿ ಹಿಡದದ" ಎನ್ನುತ್ತಿದ್ದಳು. ಮಾಮಾ ಪೇಪರಿನಿಂದ ತಲೆಯೆತ್ತದೆ "ಪಿತ್ತ" ಎನ್ನುತ್ತಿದ್ದರು. ಸುಂಠಿ ತೇಯ್ದು ಹಚ್ಚುವುದು ನಡೆಯಿತು. ಇಂಡಕ್ಷನ್ ಒಲೆಯಲ್ಲಿ ಅಡುಗೆಯಾದ ದಿನ ಪಿತ್ತ ರಜೆ ಹಾಕುತ್ತದೆ, ಶೆಗಡಿ ಹೊತ್ತಿದ ದಿನ ಕೆಲಸಕ್ಕೆ ಬರುತ್ತದೆ ಎಂಬುದು ನನಗೆ ಕಂಡಿತು. ಒಂದು ಭಾನುವಾರ, ಕರೆಂಟಿಲ್ಲದ ಮಧ್ಯಾಹ್ನ, ಅತ್ಯಾ ಒಳಗೆ ಚಿಲಕ ಹಾಕಿಕೊಂಡು ಸಾರು ಕುದಿಸುತ್ತಿದ್ದಾಗ ನಾನು ಬಾಲ್ಕನಿಗೆ ಹೋಗಿ ಮಾಮಾನ ಕುರ್ಚಿಯ ಮುಂದೆ ನಿಂತೆ.

"ಮಾಮಾ, ಅತ್ಯಾನ ತಲಿನೋವು ಪಿತ್ತದ್ದಲ್ಲ. ಶೆಗಡೀದು."

"ಬಂದರು ನೋಡ್ರಿ ಬ್ಯಾರಿಸ್ಟರ್ ಸಾಹೇಬ್ರು. ಶೆಗಡಿ ಏನ್ ತಲಿಗೆ ಹೊಡೀತದೇನು?"

"ಇದ್ದಲಿ ಉರದಾಗ ಕಾರ್ಬನ್ ಮೋನಾಕ್ಸೈಡ್ ಅಂತ ಒಂದು ಗ್ಯಾಸ್ ಬರ್ತದ. ಬಾಗಲಾ ಕಿಡಕಿ ಹಾಕಿದ ಖೋಲ್ಯಾಗ ತುಂಬಿಕೋತದ. ಅದು ರಕ್ತಕ್ಕ ಸೇರಿತಂದ್ರ ಮನಶಾ ಕೂತಲ್ಲೇ ಹೋಗ್ತಾನ."

"ಕೆಂಡ ಕೆಂಪಗಾದ ಮ್ಯಾಲೆ ಹೊಗಿನ ಇರೂದಿಲ್ಲಲ್ಲ. ಎಲ್ಲದ ನಿನ್ನ ಗ್ಯಾಸು?"

"ಹೊಗಿ ಇಲ್ಲಂದ್ರೂ ಅದು ಇರ್ತದ. ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ಕಾಣಸೂದಿಲ್ಲ."

ಮಾಮಾ ಪೇಪರನ್ನು ಮಡಚಿ ತೊಡೆಯ ಮೇಲಿಟ್ಟರು. ಅವರ ಮುಖದ ಮೇಲೆ ಒಂದು ಸಂತೋಷ ಹರಡಿತು.

"ಅಂದ್ರ ಕಣ್ಣಿಗೆ ಕಾಣೂದಿಲ್ಲ. ಮೂಗಿಗೂ ಹತ್ತೂದಿಲ್ಲ. ಆದ್ರೂ ಅದ. ಎಲ್ಲಾ ಕಡೆ ತುಂಬಿಕೊಂಡದ. ನಂಬಲಿಲ್ಲಂದ್ರ ಗತಿ ಇಲ್ಲ. ಅಲ್ಲವಾ, ನೀ ದೇವರನ್ನ ನಂಬೂದಿಲ್ಲ ಅಂತಿದ್ದೆಲ್ಲ?"

ಮುಚ್ಚಿದ ಬಾಗಿಲ ಹಿಂದೆ ಅತ್ಯಾ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಚರ್ಚೆಯಲ್ಲಿ ಇಂಥ ಏಟಿಗೆ ಚಪ್ಪಾಳೆ ಬೀಳುತ್ತದೆ. ಸಭೆಯಲ್ಲಿ ಕೂತಿದ್ದರೆ ನಾನೂ ತಟ್ಟುತ್ತಿದ್ದೆ. ಆದರೆ ಇಲ್ಲಿ ಸೋತರೆ ಹೋಗುವುದು ಬಹುಮಾನದ ಬೆಳ್ಳಿ ಬಟ್ಟಲಲ್ಲ, ಆ ಬಾಗಿಲ ಹಿಂದೆ ನಗುತ್ತಿರುವ ಜೀವ. ನಾನು ಬಿಡಲಿಲ್ಲ.

"ಆತು, ನಂಬಬ್ಯಾಡ್ರಿ. ಶೆಗಡಿ ತಂದು ಇಲ್ಲಿ ಬಾಲ್ಕನ್ಯಾಗ ಇಡೋಣ. ಗಾಳಿ ಇರೋ ಕಡೆ ಮಾಡ್ಲಿ. ನಿಮ್ಮ ಗಂಟೇನು ಹೋಗ್ತದ?"

"ಇಲ್ಲಿ? ಮ್ಯಾಲಿನ ಮನಿಯವರ ಹಸಿ ಅರಿವಿ ನೀರು ತಲಿ ಮ್ಯಾಲೆ ತೊಟ್ಟಿಡ್ತದ. ಮಡಿ ಎಲ್ಲಿ ಉಳೀತು? ಎದುರಿನವ್ರು ಕಣ್ಣು ಬಿಟಗೊಂಡು ನೋಡ್ತಾರ. ಮತ್ತ..."

"ಮತ್ತ ನೀವೆಲ್ಲಿ ಕೂಡೋದು?"

"ಹಾಂ, ಅದೂ ಒಂದು ವಿಚಾರ ಅದ ಅಲ್ಲ?"

"ನಿಮ್ಮ ಕಾರ್ಖಾನ್ಯಾಗ ಹಿಂಗ ಬಂದ್ ಖೋಲ್ಯಾಗ ಬೆಂಕಿ ಹಾಕಿ ಮಂದಿ ಕೂಡಸಿದ್ರ ನೀವು ಬಿಡ್ತೀರೇನ್ರಿ?"

"ಕಾರ್ಖಾನಿಗೆ ಇನ್ಸ್‌ಪೆಕ್ಷನ್ ಬರ್ತದವಾ. ಮನಿಗೆ ಯಾರ್ ಬರ್ತಾರ?"

ಇಷ್ಟು ಪ್ರಾಮಾಣಿಕ ಉತ್ತರವನ್ನು ನಾನು ಯಾವ ವೇದಿಕೆಯ ಮೇಲೂ ಕೇಳಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮಾ ತೀರ್ಪು ಕೊಟ್ಟರು.

"ಅಷ್ಟು ಅಪಾಯ ಅಂದ್ರ ಶೆಗಡಿನ ಬ್ಯಾಡ ತಗಿ. ಕರೆಂಟ್ ಇದ್ರ ಮನ್ಯಾಗ. ಇಲ್ಲಂದ್ರ ಮೆಸ್ಸಿನಿಂದ ಡಬ್ಬಿ ತರಸೋಣ. ದೇವರಿಗೆ ಎರಡು ಚಮಚ ಹಾಲು ಸಕ್ಕರಿ ತೋರಸಿದ್ರ ಅವ ಏನ್ ಜಗಳಾ ತಗೀತಾನ?"

ಬಾಗಿಲ ಹಿಂದಿನ ನಗು ನಿಂತಿತು.

ಅತ್ಯಾ ಮದುವೆಯಾಗಿ ಬಂದಾಗಿನಿಂದ, ಏಕಾದಶಿ ಬಿಟ್ಟರೆ, ದೇವರಿಗೆ ಬೇಯಿಸಿದ ಅನ್ನವಿಲ್ಲದೆ ಒಂದು ದಿನ ಕಳೆದವಳಲ್ಲ. ಮನೆಗೆ ಯಾವ ಬಣ್ಣ, ಟಿವಿ ಎಲ್ಲಿ, ಯಾವ ಊರಿಗೆ ಯಾವಾಗ ಎಂಬುದನ್ನೆಲ್ಲ ಮಾಮಾ ನಿರ್ಧರಿಸುತ್ತಿದ್ದರು. ಆ ಚಿಲಕದ ಒಳಗಿನದನ್ನು ಮಾತ್ರ ಯಾರೂ ಕೇಳುವ ಹಾಗಿರಲಿಲ್ಲ. ಅವಳ ಜೀವ ಉಳಿಸಲು ಹೊರಟ ನನ್ನ ವಾದ ನೇರವಾಗಿ ಹೋಗಿ ಅವಳ ಅಡುಗೆಮನೆಯನ್ನೇ ಕಿತ್ತುಕೊಂಡು ಬಂದಿತ್ತು. ಊಟಕ್ಕೆ ಕೂತಾಗ ಅತ್ಯಾ ನನ್ನ ತಟ್ಟೆಗೆ ಸಾರು ಹಾಕುತ್ತ, "ನಿನಗ ಯಾರ್ ವಕೀಲಕಿ ಕೊಟ್ಟಿದ್ರು?" ಎಂದಳು. ಮರುದಿನ ಮತ್ತೆ ಕರೆಂಟು ಹೋಯಿತು. ಅವಳು ಮತ್ತೆ ಚಿಲಕ ಹಾಕಿಕೊಂಡು ಶೆಗಡಿ ಹಚ್ಚಿದಳು. ಡಬ್ಬಿ ತರಿಸಲು ಏಳಬೇಕಾಗಿದ್ದ ಮಾಮಾ ಕುರ್ಚಿಯಿಂದ ಏಳಲಿಲ್ಲ. ಎಲ್ಲವೂ ಮೊದಲಿನಂತೆಯೇ ಅಪಾಯಕಾರಿಯಾಗಿ, ಶಾಂತವಾಗಿ ನಡೆಯಿತು.

ಆಮೇಲೊಂದು ಸಂಜೆ, ಮಾಮಾ ಇನ್ನೂ ಬಂದಿರಲಿಲ್ಲ. ಅತ್ಯಾ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ತಲೆಯೆತ್ತದೆ ಕೇಳಿದಳು:

"ಆ ನಿನ್ನ ಕಾಣದ ಗ್ಯಾಸು, ಅದು ಮೊದಲಿಗೆ ಏನ್ ಮಾಡ್ತದ?"

ಕೇಳುವವರು ಸಿಕ್ಕಿದ್ದೇ ಸಾಕು, ನಾನು ಭಾಷಣ ಶುರು ಮಾಡಿದೆ. "ಮೊದಲು ತಲಿ ನೋಯ್ತದ. ಆಮ್ಯಾಲೆ ಹೊಟ್ಟಿ ತೊಳಸ್ತದ. ಕಾಲಾಗಿನ ಶಕ್ತಿ ಹೋಗ್ತದ. ಚಕ್ಕರ್ ಬಂದು ಬೀಳ್ತಾರ."

"ಬಿದ್ದವರು ಏಳ್ತಾರೇನು?"

"ಲಗೂನ ಹೊರಗ ಗಾಳಿಗೆ ತಂದ್ರ ಏಳಬಹುದು. ದವಾಖಾನಿಗೂ ಒಯ್ಯಬೇಕು."

"ಚಿಲಕಾ ಹಾಕಿದ್ರ?"

"ಬಾಗಲಾ ಒಡಿಯೋದ್ರಾಗ ಹೊತ್ತು ಮೀರಿರ್ತದ."

"ಹೂಂ" ಎಂದಳು. ಸೊಪ್ಪಿನ ಒಂದು ದಂಟನ್ನು ಬೆಳಕಿಗೆ ಹಿಡಿದು ನೋಡಿ, ಹುಳುಕು ಎಲೆಯೊಂದನ್ನು ಕಿತ್ತು ಎಸೆದಳು. ಮಾತು ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ.

ಆ ದ್ವಾದಶಿ ಬಂದದ್ದು ಇದಾದ ಮೇಲೆ. ಅವತ್ತು ತಿಥಿ ಬೇಗ ಮುಗಿಯುತ್ತಿತ್ತು. ಹಾಗಿದ್ದಾಗ ಸೂರ್ಯ ಮೇಲೇರುವ ಮೊದಲೇ ಅಡುಗೆ, ನೈವೇದ್ಯ, ಉಪವಾಸ ಬಿಡುವ ಊಟ ಎಲ್ಲ ಆಗಬೇಕು. ಸಿಲಿಂಡರು ಖಾಲಿಯಾಗಿತ್ತು. ಅತ್ಯಾ ಸ್ನಾನ ಮಾಡಿ ಬರುವಷ್ಟರಲ್ಲಿ ಕರೆಂಟೂ ಹೋಯಿತು. ಅವಳು ಶೆಗಡಿಗೆ ಇದ್ದಿಲು ತುಂಬಿ ಒಳಗೆ ಹೋದಳು, ಬಾಗಿಲು ಮುಚ್ಚಿತು. ನಾನು ಮೊಬೈಲಿನ ಬೆಳಕಿನಲ್ಲಿ ಕೂದಲು ಬಾಚಿಕೊಳ್ಳುತ್ತ ಆಫೀಸಿನ ಕ್ಯಾಬಿಗೆ ಕಾಯುತ್ತಿದ್ದೆ. ಮಾಮಾ ಬಾಲ್ಕನಿಯಲ್ಲಿ ಕುರ್ಚಿಯಲ್ಲಿದ್ದರು, ಸ್ನಾನ ಇನ್ನೂ ಆಗಿರಲಿಲ್ಲ. ಅಗಸೆ ಸೊಪ್ಪು ಬೇಯುವ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು. ಬಿದ್ದ ಸೌಟನ್ನು ಎತ್ತಿಕೊಳ್ಳುವ ಸದ್ದು ಆಗಲಿಲ್ಲ.

"ಅತ್ಯಾ?"

ನಾನು ಬಾಗಿಲಿಗೆ ಓಡಿದೆ.

"ಏ, ಮುಟ್ಟಬ್ಯಾಡ! ಮಡಿ!" ಎಂದು 'ಸುರಕ್ಷತೆಯೇ ಮೊದಲು' ಎಂದು ದಿನವೂ ಹೇಳಿ ಸಂಬಳ ತೆಗೆದುಕೊಳ್ಳುವ ಮನುಷ್ಯ ಕೂಗಿದರು.

ಭುಜ ಕೊಟ್ಟು ಒಡೆಯಬೇಕಾದೀತೆಂದು ಹಿಂದೆ ಸರಿದು ನುಗ್ಗಿದೆ. ಬಾಗಿಲು ಬೆರಳು ತಾಗಿಸಿದರೆ ಸಾಕೆಂಬಂತೆ ತೆರೆದುಕೊಂಡಿತು, ನಾನೇ ಮುಗ್ಗರಿಸಿ ಒಳಗೆ ಬಿದ್ದೆ. ಮುಖಕ್ಕೆ ಕಾದ ಗಾಳಿ ಹೊಡೆಯಿತು. ಅತ್ಯಾ ಶೆಗಡಿಯ ಪಕ್ಕದಲ್ಲಿ ಮಲಗಿದ್ದಳು. ಹೊಸ್ತಿಲ ತನಕ ಬಂದ ಮಾಮಾ ಅಲ್ಲೇ ನಿಂತರು.

"ನಂದಿನ್ನೂ ಸ್ನಾನಾ ಆಗಿಲ್ಲ!"

"ಮಾಮಾ, ಕಾಲು ಹಿಡೀರಿ!"

"ಮಡಿ ಒಳಗ ಇದ್ದಾಳ..."

"ಹಿಡೀರಿ ಅಂದ್ನೆಲ್ಲ!"

ಹಿಡಿದರು. ಒಮ್ಮೆ ಮುಟ್ಟಿದ ಮೇಲೆ ಕಾರ್ಖಾನೆಯ ಮನುಷ್ಯ ಎಚ್ಚರಗೊಂಡರು. ನನ್ನನ್ನು ಬದಿಗೆ ಸರಿಸಿ, ಕಂಕುಳಡಿ ಕೈ ಹಾಕಿ, ಹೊಸಬರಿಗೆ ಕಲಿಸುವ ಹಾಗೆಯೇ ಅವಳನ್ನು ಎತ್ತಿ ಬಾಲ್ಕನಿಗೆ ತಂದರು. ಕುರ್ಚಿಯನ್ನು ಕಾಲಿನಿಂದ ಒದ್ದರು, ಮನಿಪ್ಲಾಂಟಿನ ಕುಂಡ ಉರುಳಿ ಒಡೆಯಿತು. ಅತ್ಯಾನ ತುಟಿ ಬಿಳಿಚಿಕೊಂಡಿತ್ತು. ಮೇಲಿನ ಮನೆಯ ಹಸಿ ಲಂಗದಿಂದ ಒಂದೊಂದೇ ಹನಿ ಅವಳ ಹಣೆಯ ಮೇಲೆ ಬೀಳುತ್ತಿತ್ತು. ಮಾಮಾ ಅದನ್ನು ಅಂಗೈಯಲ್ಲಿ ಒರೆಸುತ್ತ, "ಏ, ಕಣ್ಣ ತಗೀ, ಕಣ್ಣ ತಗೀ" ಎನ್ನುತ್ತಿದ್ದರು. ಅವರು ಅವಳ ಜೊತೆ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕಣ್ಣು ತೆರೆಯಿತು. ಪಕ್ಕಕ್ಕೆ ಹೊರಳಿ ಹಸಿರು ನೀರು ವಾಂತಿ ಮಾಡಿಕೊಂಡಳು. ಆಮೇಲೆ ತೂಗಾಡುವ ಲಂಗವನ್ನು ನೋಡಿದಳು, ಅದರಾಚೆಯ ಆಕಾಶವನ್ನು ನೋಡಿದಳು, ಮಾಮಾನನ್ನು ನೋಡಿದಳು.

"ಗಾಳಿ ಇರೋ ಕಡೆ ಮಾಡು ಅಂದ."

"ಯಾರು?"

ಅತ್ಯಾ ಕಣ್ಣು ಮುಚ್ಚಿದಳು. "ಮತ್ಯಾರು."

ಮಾಮಾ ಅಲ್ಲೇ, ಒಡೆದ ಕುಂಡದ ಮಣ್ಣಿನ ನಡುವೆ, ಎರಡೂ ಕೈ ಜೋಡಿಸಿದರು. ನಾನು ಆಫೀಸಿನ ಕ್ಯಾಬ್ ಡ್ರೈವರನನ್ನೇ ಕರೆದು ಅವಳನ್ನು ಹತ್ತಿರದ ದವಾಖಾನೆಗೆ ಸಾಗಿಸಿದೆ. ಡಾಕ್ಟರು ನನ್ನ ಮಾತು ಕೇಳಿ ಆಕ್ಸಿಜನ್ ಹಚ್ಚಿದರು, ಮಾಮಾನ ಮಾತು ಕೇಳಿ ಗ್ಲೂಕೋಸ್ ಏರಿಸಿದರು. ಮೋನಾಕ್ಸೈಡಿನಿಂದಲೋ, ಉಪವಾಸದಿಂದಲೋ ಎಂದರೆ "ಎರಡೂ ಇರಬಹುದು" ಎಂದರು. ಸಂಜೆ ಮನೆಗೆ ಬರುವಷ್ಟರಲ್ಲಿ ಮಾಮಾ ಫೋನಿನಲ್ಲಿ ರಾಯಚೂರಿಗೆಲ್ಲ ಮೂರನೆಯ ಕಾರಣವನ್ನು ತಲುಪಿಸಿಯಾಗಿತ್ತು.

ಆಮೇಲೆ ನಡೆದದ್ದನ್ನು ನನ್ನ ಯಾವ ವಾದವೂ ಸಾಧಿಸಲಾರದು. ಮಾಮಾ ತಮ್ಮ ಕೈಯಾರೆ ಬೆತ್ತದ ಕುರ್ಚಿಯನ್ನು ಪಡಸಾಲೆಗೆ ಸಾಗಿಸಿದರು. ಬಾಲ್ಕನಿ ತೊಳೆದು, ಮೇಲಿನ ನೀರು ತಾಗದಂತೆ ಒಂದು ತಗಡು ಹೊದಿಸಿ, ಮೂರೂ ಕಡೆ ಬಯಲು ಬಿಟ್ಟರು. ಅಡುಗೆಮನೆಯ ಕಿಟಕಿಯ ಸಂದಿಯಿಂದ ಪೇಪರುಗಳನ್ನು ಕಿತ್ತರು. ಹೊಗೆ ಬರುತ್ತದೆಂದು ಕೂಗಿದ್ದ ಮೇಲಿನ ಹೆಂಗಸು ಸುದ್ದಿ ತಿಳಿದು ತನ್ನ ಬಟ್ಟೆ ಒಣಗಿಸುವ ಹಗ್ಗವನ್ನೇ ಬೇರೆ ಕಡೆ ಕಟ್ಟಿಸಿದಳು. ದ್ವಾದಶಿಗೆ ಮಲ್ಲಿಗೆ ಕಳಿಸುತ್ತಿದ್ದಳು. ಅದೇ ಇದ್ದಿಲು, ಅದೇ ಹೊಗೆ. ಆದರೆ ಈಗ ಆಕೆ ಅದನ್ನು ಮೂಗಿನಿಂದ ಎಳೆದುಕೊಂಡು ಕಣ್ಣು ಮುಚ್ಚುತ್ತಿದ್ದಳು. ಅತ್ಯಾನ ಹಣೆಯ ಬಟ್ಟೆ ಮಾಯವಾಯಿತು. ಪಿತ್ತ ಕೆಲಸ ಬಿಟ್ಟು ಹೋಯಿತು. ಬಾಲ್ಕನಿ ಇಡಿಯಾಗಿ ಅವಳದಾಯಿತು. ಮಾಮಾ ಸೆಕೆಯಲ್ಲಿ ಪಡಸಾಲೆಯಲ್ಲಿ ಕೂತು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು, ಭಕ್ತಿಯಿಂದ.

ಈ ಪ್ರಕರಣವನ್ನು ನಾನು ನನ್ನೊಳಗೆ ಎಷ್ಟೋ ಸಲ ವಾದಿಸಿ ನೋಡಿದ್ದೇನೆ. ಒಂದು ಪಕ್ಷ ಹೇಳುತ್ತದೆ: ಇದು ನಾಟಕ. ಮದುವೆಯಾದಾಗಿನಿಂದ ಮಡಿಯಲ್ಲಿ ಚಿಲಕ ಹಾಕುವುದನ್ನು ಮರೆಯದವಳು ಅವತ್ತೇ ಯಾಕೆ ಮರೆತಳು? ಅನ್ನದ ಪಾತ್ರೆ ಬೆಂಕಿಯಿಂದ ಇಳಿದು, ಮುಚ್ಚಳ ಮುಚ್ಚಿಕೊಂಡು, ಗೋಡೆಯ ಬದಿಗೆ ಜೋಪಾನವಾಗಿ ಕೂತಿತ್ತು. ಬಿದ್ದವಳ ತಲೆ ನೆಲಕ್ಕೆ ಬಡಿದಿರಲಿಲ್ಲ. ಕೂರುವ ಮಣೆಯ ಮೇಲಿತ್ತು. ಸೆರಗು ಕೆಂಡದಿಂದ ದೂರ, ಸೊಂಟಕ್ಕೆ ಸಿಕ್ಕಿಸಿಕೊಂಡೇ ಇತ್ತು. ಎಚ್ಚರ ತಪ್ಪಿ ಬೀಳುವವರು ಇಷ್ಟು ಅಚ್ಚುಕಟ್ಟಾಗಿ ಬೀಳುವುದನ್ನು ನಾನು ಕೇಳಿಲ್ಲ. ಇನ್ನೊಂದು ಪಕ್ಷ ಎದ್ದು ನಿಲ್ಲುತ್ತದೆ: ಬಿಳಿಚಿದ ತುಟಿಯನ್ನು ಯಾರೂ ನಟಿಸಲಾರರು. ಖಾಲಿ ಹೊಟ್ಟೆಯ ಹಸಿರು ವಾಂತಿಯನ್ನಂತೂ ಅಲ್ಲವೇ ಅಲ್ಲ. ನನ್ನ ಭಾಷಣ ಕೇಳಿ ಹೆದರಿ ಚಿಲಕ ಬಿಟ್ಟಿರಬಹುದು. ಹೊಟ್ಟೆ ತೊಳಸಿದ ಕೂಡಲೇ ಪಾತ್ರೆ ಇಳಿಸಿ, ಮಣೆಗೆ ತಲೆ ಆನಿಸಿರಬಹುದು, ಆಮೇಲೆ ಏಳಲಾಗದೆ ಹೋಗಿರಬಹುದು. ಆಗ ಮೊದಲನೆಯ ಪಕ್ಷ: ಏಳಲಾಗುತ್ತಿದ್ದಾಗ ಹೊರಗೆ ಯಾಕೆ ಬರಲಿಲ್ಲ? ಎರಡನೆಯದು: ನೈವೇದ್ಯ ಅರ್ಧಕ್ಕೆ ಬಿಟ್ಟು ಬರುವವಳೇ ಅವಳು? ಹೀಗೆ ಹೋಗುತ್ತದೆ. ಎರಡೂ ಕಡೆ ನಾನೇ ಮಾತಾಡಿದರೂ ಒಮ್ಮೆಯೂ ಗೆದ್ದಿಲ್ಲ.

ಅದನ್ನು ಹಾಗೆಯೇ ಬಿಟ್ಟುಬಿಡುತ್ತಿದ್ದೆನೇನೋ. ಬಿಡಲಾಗದೆ ಹೋದದ್ದು ಮಾಮಾನ ತಂಗಿಯಿಂದ. ಅತ್ಯಾ ಆಕೆಗೆ ವೈನಿ, ಅಂದರೆ ಅತ್ತಿಗೆ. ರಾಯಚೂರಿನಲ್ಲಿ ಒಂದು ಮದುವೆ. ಊಟವಾಗಿ, ಕಥೆಯೂ ಆಗಿ, ಎಲ್ಲರೂ ಕೈಮುಗಿದ ಮೇಲೆ ಆಕೆ ನನ್ನ ಪಕ್ಕ ಸರಿದು ಹೇಳಿದಳು:

"ನಾನೂ ಶೆಗಡಿ ತರಿಸೀನಿ. ಕರೆಂಟ್ ಹೋತಂದ್ರ ಬಾಗಲಾ ಕಿಡಕಿ ಎಲ್ಲಾ ಗಟ್ಟಿಗೆ ಹಾಕ್ಕೊಂಡು ಮಾಡ್ಲಿಕತ್ತೀನಿ. ವೈನಿಗೆ ಆದಂಗ ನಮಗೂ ಒಂದೀಟು ದರ್ಶನ ಆಗಬಾರದೇನು?"

ನನ್ನ ಬಾಯಲ್ಲಿದ್ದ ಎಲೆ ಅಡಿಕೆ ಕಲ್ಲಾಯಿತು. ಕಥೆ ಒಂದು ಮನೆಯ ಕಿಟಕಿ ತೆರೆಸಿ, ಇನ್ನೊಂದು ಮನೆಯ ಕಿಟಕಿ ಮುಚ್ಚಿಸಿತ್ತು. ಅಲ್ಲೇ ಕೂತು ಆಕೆಗೆ ಎಲ್ಲ ಬಿಡಿಸಿ ಹೇಳಿದೆ: ದರ್ಶನ ಅಲ್ಲ, ವಿಷದ ಗಾಳಿ. ಮುಚ್ಚಿದ ಖೋಲಿಯಲ್ಲಿ ಇದ್ದಿಲು ಹಚ್ಚಬಾರದು. ಶೆಗಡಿ ಹೊರಗಿಡಬೇಕು. ಆಕೆ ಪೂರ್ತಿ ಕೇಳಿ, ನನ್ನ ಕೆನ್ನೆ ತಟ್ಟಿ, "ನಂಬಲಾರದವ್ರಿಗೆ ಹಂಗ ಕಾಣಸ್ತದವಾ" ಎಂದು ಎದ್ದು ಹೋದಳು.

ಹೈದರಾಬಾದಿಗೆ ಮರಳಿದ ಸಂಜೆಯೇ ನಾನು ಬಾಲ್ಕನಿಗೆ ಹೋದೆ. ಕರೆಂಟಿರಲಿಲ್ಲ. ಅತ್ಯಾ ಬಾಣಲೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ನೈವೇದ್ಯದ ಹೊತ್ತಲ್ಲವಾದ್ದರಿಂದ ಹತ್ತಿರ ಕೂರಲು ನನಗೆ ಅಪ್ಪಣೆ ಇತ್ತು. ಎಲ್ಲವನ್ನೂ ಹೇಳಿದೆ. "ನೀ ಖರೇ ಹೇಳಲಿಲ್ಲಂದ್ರ ಆಕಿ ಒಂದಿನ ಸಾಯ್ತಾಳ ಅತ್ಯಾ. ನನ್ನ ಮಾತು ಯಾರೂ ಕೇಳೂದಿಲ್ಲ."

ಅತ್ಯಾ ಬಾಣಲೆ ಇಳಿಸಿದಳು. ಸೆರಗಿಗೆ ಕೈ ಒರೆಸಿಕೊಂಡು, "ಫೋನ್ ಹಚ್ಚಿ ಕೊಡು" ಎಂದಳು. ಹಚ್ಚಿ ಕೊಟ್ಟೆ. ಅವಳ ದನಿ ಒಮ್ಮೆಲೇ ಬದಲಾಯಿತು. ಮದುವೆಮನೆಯ ದನಿ.

"ಏನವಾ, ಬಾಗಲಾ ಕಿಡಕಿ ಹಾಕ್ಕೊಂಡು ಮಾಡ್ಲಿಕತ್ತೀಯಂತ? ಯಾರ್ ಹೇಳಿದ್ರು ನಿನಗ? ಅವ ನನಗ ಹೇಳಿದ್ದು ನನಗೊಬ್ಬಾಕಿಗಲ್ಲ, ನಮ್ಮ ಮನಿತನಕ್ಕೆಲ್ಲ. ಬಂದ್ ಖೋಲ್ಯಾಗ ಶೆಗಡಿ ಮ್ಯಾಲೆ ಮಾಡಿದ್ದು ನನಗ ಬ್ಯಾಡ ಅಂದಾನ. ಹಾಂ. ಹಾಂ. ನಾಳಿಂದನ ಶೆಗಡಿ ಅಂಗಳದಾಗ ಇಡು. ಇಡ್ತೀಯಲ್ಲ? ಮತ್ತ, ಇಲ್ಲೆ ಕೇಳು. ಮೊದಲು ತಲಿ ನೋಯ್ತದ. ಆಮ್ಯಾಲೆ ಹೊಟ್ಟಿ ತೊಳಸ್ತದ. ಕಾಲಾಗಿನ ಶಕ್ತಿ ಹೋಗ್ತದ. ಅಷ್ಟಾತಂದ್ರ ಅದು ಅವನ ಸಿಟ್ಟು ಅಂತ ತಿಳಕೋ. ಕೈಯಾಗಿಂದು ಬಿಟ್ಟು ಎದ್ದು ಹೊರಗ ಬಾ. ಚಿಲಕಾ ಅಂತೂ ಹಾಕಲೇಬ್ಯಾಡ."

ಆ ಕಡೆಯಿಂದ "ಆತ್ರಿ ವೈನಿ, ಆತ್ರಿ" ಎಂಬ ದನಿ ನನಗೂ ಕೇಳಿಸಿತು. ನನ್ನ ಭಾಷಣ, ಸಾಲು ಬಿಡದೆ, ಅದೇ ಕ್ರಮದಲ್ಲಿ. ಹೇಳಿದವನ ಹೆಸರು ಮಾತ್ರ ಬೇರೆ.

ಅತ್ಯಾ ಫೋನು ಕೊಟ್ಟು, ಬೀಸಣಿಗೆ ಎತ್ತಿಕೊಂಡು ಕೆಂಡಕ್ಕೆ ಗಾಳಿ ಹಾಕತೊಡಗಿದಳು. ಕಿಡಿಗಳು ಎದ್ದು ಬಯಲಿಗೆ ಹೋದವು. ಒಳಗೆ ಪಡಸಾಲೆಯಲ್ಲಿ ಮಾಮಾ ಸೆಕೆಯೆಂದು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಕೆಂಡದ ಬೆಳಕು ಅಷ್ಟೇ.

"ಅತ್ಯಾ," ಎಂದೆ, "ಯಾರಿಗೂ ಹೇಳೂದಿಲ್ಲ, ನನಗೊಬ್ಬಾಕಿಗೆ ಹೇಳು. ಅವತ್ತ ನೀ ಬಿದ್ದಿದ್ಯೋ, ಮಲಕೊಂಡಿದ್ಯೋ?"